ಕೂಗಿ ಕರೆಯುವ ವಿದ್ಯೆ, ಕಿವಿಗೊಟ್ಟು ಕೇಳುವ ವಿದ್ಯೆ

ರಾಗಿ ತೆನೆ ಬಲಿಯುವ ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ ತಳಿ, ಜವಳಗಿರಿ, ಅಂಚೆಟ್ಟಿ, ಉರಿಗಂ ಭಾಗದ ಕಾಡಂಚಿನ ಹೊಲಗಳಲ್ಲಿ ರಾತ್ರಿಯಿಡೀ ಬೆಳೆ ಕಾಯುವವರಿಗೆ ಕಣ್ಣಿಗಿಂತ ಕಿವಿಯೇ ಹೆಚ್ಚಿನ ಆಸರೆ. ಕತ್ತಲಲ್ಲಿ ಕಣ್ಣಿಗೆ ಕಾಣುವುದು ಬ್ಯಾಟರಿಯ ಬೆಳಕು ಬಿದ್ದಷ್ಟೇ ದೂರ. ಕಿವಿಯಾದರೋ ಹಳ್ಳದಾಚೆಯ ಬೆಟ್ಟದ ಸುದ್ದಿಯನ್ನೂ ತಂದುಕೊಡುತ್ತದೆ. ಬೆಟ್ಟದ ಮಗ್ಗುಲಿನಿಂದ ‘ಢಾಂಕ್’ ಎಂದು ಒಂದೇ ಒಂದು ದನಿ ಗಂಟೆಯಂತೆ ಮೊಳಗಿದರೆ, ಅಟ್ಟಣೆಯ ಮೇಲಿರುವ ಹಿರಿಯರು ಮಾತು ನಿಲ್ಲಿಸಿ ಆಲಿಸುತ್ತಾರೆ. ಅದು ಕಡವೆಯ ಕೂಗು. ಯಾರನ್ನು ಕಂಡು ಕೂಗಿತು, ಎಷ್ಟು ಹೊತ್ತು ಕೂಗಿತು, ಕೂಗು ಯಾವ ದಿಕ್ಕಿಗೆ ಸರಿಯಿತು ಎಂಬುದನ್ನು ಅವರು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾರೆ.

ಅದೇ ಅಟ್ಟಣೆಯ ಮೇಲೆ ಪಕ್ಕದಲ್ಲಿ ಕುಳಿತ ಮೊಮ್ಮಗನ ಜೇಬಿನಲ್ಲಿ ಇಂದು ಮೊಬೈಲ್ ಇದೆ. ಲೋಕದ ಯಾವ ಮೃಗದ ಕೂಗನ್ನು ಬೇಕಾದರೂ ಅದು ಕ್ಷಣಾರ್ಧದಲ್ಲಿ ಕೂಗಿ ತೋರಿಸುತ್ತದೆ. ಅಮೆರಿಕದ ಎಲ್ಕ್, ಯುರೋಪಿನ ಕೆಂಪು ಜಿಂಕೆಗಳನ್ನು ಬೇಟೆಗಾರರು ಪೀಪಿ ಊದಿ ಕರೆಯುವ ದೃಶ್ಯಗಳನ್ನು ನಮ್ಮ ಮಕ್ಕಳೂ ನೋಡುತ್ತಾರೆ. ಈ ವಿದ್ಯೆ ಏನು, ಅದರ ಹಿಂದಿನ ತಿಳಿವೇನು, ನಮ್ಮ ಕಾಡಿನಲ್ಲಿ ಅದಕ್ಕೆ ಸ್ಥಾನವಿದೆಯೇ ಎಂಬ ಪ್ರಶ್ನೆಗಳಿಗೆ ಮನೆಯ ಹಿರಿಯರಲ್ಲಿ ಉತ್ತರವಿರಬೇಕು.

‘ಗೋರಿ’ ಎಂಬ ಹಳೆಯ ಮಾತು

ಮೃಗವನ್ನು ದನಿಯಿಂದ ಕರೆಯುವುದು ಪರದೇಶದವರ ಹೊಸ ಕಲೆಯಲ್ಲ. ಹಳಗನ್ನಡದಲ್ಲಿ ‘ಗೋರಿ’ ಎಂಬ ಪದವೊಂದಿದೆ. ಸಮಾಧಿ ಎಂಬರ್ಥದ ಇಂದಿನ ಗೋರಿಯಲ್ಲ ಅದು. ಜಿಂಕೆಯನ್ನು ಮರುಳುಗೊಳಿಸಿ ಹತ್ತಿರಕ್ಕೆ ಸೆಳೆಯಲು ಬೇಡನು ಹಾಡುತ್ತಿದ್ದ ಹಾಡು. ಹಾಗೆಯೇ ‘ದೀವ’ ಅಥವಾ ‘ದೀಹ’ ಎಂದರೆ ಕಾಡಿನ ಮೃಗವನ್ನು ಆಕರ್ಷಿಸಲು ಬೇಟೆಗಾರನು ಸಾಕಿ ಪಳಗಿಸಿದ ಮೃಗ. ಇಂಥ ಪದಗಳು ಒಂದು ಭಾಷೆಯಲ್ಲಿ ಸುಮ್ಮನೆ ಹುಟ್ಟುವುದಿಲ್ಲ. ಆ ಬದುಕನ್ನು ಬಾಳಿದ ಜನರಿದ್ದಾಗ ಮಾತ್ರ ಹುಟ್ಟುತ್ತವೆ.

ಪತಂಗವು ಬೆಳಕಿಗೆ, ಮೀನು ರುಚಿಗೆ, ದುಂಬಿ ಕಂಪಿಗೆ, ಆನೆ ಸ್ಪರ್ಶಕ್ಕೆ, ಜಿಂಕೆಯು ನಾದಕ್ಕೆ ಸೋತು ಕೆಡುತ್ತವೆ ಎಂಬ ದೃಷ್ಟಾಂತವನ್ನು ನಮ್ಮ ಹಿರಿಯರು ನೀತಿ ಹೇಳುವಾಗ ಬಳಸುತ್ತಿದ್ದರು. ಅದು ವೈರಾಗ್ಯದ ಪಾಠವಾದರೂ, ಜಿಂಕೆಯು ದನಿಗೆ ಓಗೊಡುತ್ತದೆ ಎಂಬ ಬೇಟೆಗಾರನ ಅನುಭವವು ಅದರ ತಳದಲ್ಲಿದೆ.

ಕೊಂಬು, ಶಂಖ, ರಬ್ಬರಿನ ಪೊರೆ

ಉತ್ತರ ಅಮೆರಿಕದ ಎಲ್ಕ್ ಮತ್ತು ಯುರೋಪಿನ ಕೆಂಪು ಜಿಂಕೆ ಹತ್ತಿರದ ಬಂಧುಗಳು. ನಮ್ಮ ದೇಶದಲ್ಲಿ ಇವುಗಳ ಕುಲಕ್ಕೆ ಸೇರಿದ್ದು ಕಾಶ್ಮೀರದ ಹಂಗುಲ್; ಶ್ರೀನಗರದ ಸಮೀಪದ ದಾಚಿಗಾಂ ಕಾಡು ಅದರ ಮುಖ್ಯ ನೆಲೆ. ಶರತ್ಕಾಲದಲ್ಲಿ, ಸೆಪ್ಟೆಂಬರ್–ಅಕ್ಟೋಬರ್ ವೇಳೆಗೆ, ಈ ಜಿಂಕೆಗಳಿಗೆ ಬೆದೆಯ ಕಾಲ. ಆಗ ಗಂಡುಗಳು ಹಗಲಿರುಳೆನ್ನದೆ ಕೂಗುತ್ತವೆ. ಕೆಂಪು ಜಿಂಕೆಯದು ಗೂಳಿಯ ಗುಟುರಿನಂಥ ಗಡಸು ದನಿ. ಎಲ್ಕಿನದು ಕೊಳಲಿನಂತೆ ಮೇಲೇರುವ ಸೀಳುದನಿ. ಅಷ್ಟು ದೊಡ್ಡ ಒಡಲಿನಿಂದ ಅಷ್ಟು ತೆಳುವಾದ ಸಿಳ್ಳು ಹೊರಡುವುದನ್ನು ಮೊದಲು ಕೇಳಿದವರು ಬೆರಗಾಗುತ್ತಾರೆ.

ಅಲ್ಲಿನ ಬೇಟೆಗಾರರು ಬಳಸುವ ಕೂಗುಸಾಧನಗಳು ಹಲವು ಬಗೆ. ಜರ್ಮನಿಯಲ್ಲಿ ಎತ್ತಿನ ಕೊಂಬು, ದೊಡ್ಡ ಕಡಲ ಶಂಖ, ಒಳಗೆ ಟೊಳ್ಳಾದ ಗಿಡದ ಕಾಂಡ, ಗಾಜಿನ ಕೊಳವೆ ಇವು ಸಂಪ್ರದಾಯದ ಉಪಕರಣಗಳು. ಇವು ತಾವಾಗಿ ದನಿ ಹೊರಡಿಸುವುದಿಲ್ಲ. ಮನುಷ್ಯನ ಗಂಟಲಿನ ದನಿಗೆ ಗಾತ್ರ ಕೊಡುತ್ತವೆ. ಅಮೆರಿಕದಲ್ಲಿ ಕುದುರೆ ಲಾಳದ ಆಕಾರದ ಚೌಕಟ್ಟಿಗೆ ತೆಳುವಾದ ರಬ್ಬರಿನ ಪೊರೆ ಬಿಗಿದು, ಅದನ್ನು ಅಂಗುಳಿಗೆ ಒತ್ತಿಕೊಂಡು ನಾಲಿಗೆಯಿಂದ ನುಡಿಸುತ್ತಾರೆ. ಕೈಗಳೆರಡೂ ಬಿಡುವಾಗಿರುವುದು ಇದರ ಲಾಭ. ಕಲಿಯಲು ಹಲವು ವಾರ ಬೇಕಾಗುವುದು ಇದರ ಕಷ್ಟ. ಒಂದೇ ಪೊರೆಯದು ಹೊಸಬರಿಗೆ ಸುಲಭ. ಎರಡು ಮೂರು ಪೊರೆಯದಕ್ಕೆ ಹೆಚ್ಚು ಉಸಿರು ಬೇಕು, ದನಿಯೂ ದೊಡ್ಡದು. ಹಲ್ಲಿನಿಂದ ಕಚ್ಚಿ ಊದುವ ಪೀಪಿ ಮತ್ತೊಂದು ಬಗೆ. ಏನೂ ಬಾರದವರಿಗೆ ಕೈಯಿಂದ ಅದುಮಿದರೆ ಹೆಣ್ಣು ಜಿಂಕೆಯಂತೆ ದನಿಗೈಯುವ ರಬ್ಬರಿನ ಬುರುಡೆಯಿದೆ.

ಆದರೆ ಉಪಕರಣದ ಆಯ್ಕೆಗಿಂತ, ಎಲ್ಲಿ ಯಾವಾಗ ಕೂಗಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬ ವಿವೇಕವೇ ದೊಡ್ಡದೆಂದು ಅಲ್ಲಿನ ಅನುಭವಿಗಳು ಹೇಳುತ್ತಾರೆ. ಗಾಳಿ ತಮ್ಮ ಕಡೆಯಿಂದ ಮೃಗದ ಕಡೆಗೆ ಬೀಸುತ್ತಿದ್ದರೆ ಎಂಥ ಕೂಗೂ ವ್ಯರ್ಥ. ಮೂಗು ಹೇಳಿದ್ದನ್ನು ಜಿಂಕೆ ನಂಬುತ್ತದೆ, ಕಿವಿ ಹೇಳಿದ್ದನ್ನಲ್ಲ. ದೊಡ್ಡ ಗಂಡಿನ ಅಬ್ಬರವನ್ನು ಅನುಕರಿಸಿದರೆ ಸಮಬಲದ ಗಂಡು ಕಾದಾಡಲು ಬರಬಹುದು, ಎಳೆಯ ಗಂಡು ಹೆದರಿ ಓಡಬಹುದು. ಪದೇ ಪದೇ ಮೋಸಹೋದ ಮೃಗಗಳು ಕೂಗು ಕೇಳಿದರೆ ಮೌನವಾಗಿ ದೂರ ಸರಿಯುವುದನ್ನೂ ಕಲಿಯುತ್ತವೆ. ಧ್ವನಿಮುದ್ರಿತ ಕೂಗನ್ನು ಯಂತ್ರದಿಂದ ಹೊರಡಿಸಿ ಇಂಥ ದೊಡ್ಡ ಮೃಗಗಳನ್ನು ಬೇಟೆಯಾಡುವುದನ್ನು ಅಮೆರಿಕದ ಹಲವು ರಾಜ್ಯಗಳು ನಿಷೇಧಿಸಿವೆ. ಬೇಟೆಗೆ ಅನುಮತಿಯಿರುವ ನಾಡಿನಲ್ಲಿಯೂ ಯಂತ್ರದ ಮೋಸಕ್ಕೆ ಮಿತಿಯಿದೆ ಎಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು.

ಕೂಗಿನೊಳಗಿನ ಮಾತು

ಗಂಡು ಜಿಂಕೆ ಏಕೆ ಕೂಗುತ್ತದೆ? ಸ್ಕಾಟ್ಲೆಂಡಿನ ರಮ್ ಎಂಬ ದ್ವೀಪದಲ್ಲಿ ಕೆಂಪು ಜಿಂಕೆಗಳನ್ನು ದೀರ್ಘಕಾಲ ಗಮನಿಸಿದ ಕ್ಲಟನ್-ಬ್ರಾಕ್ ಮತ್ತು ಆಲ್ಬನ್ ಎಂಬ ವಿಜ್ಞಾನಿಗಳು 1979ರಲ್ಲಿ ಇದಕ್ಕೊಂದು ಉತ್ತರ ನೀಡಿದರು. ಎರಡು ಗಂಡುಗಳು ಕೊಂಬಿಗೆ ಕೊಂಬು ಕೊಡುವ ಮೊದಲು ಕೂಗಿನಲ್ಲಿ ಸ್ಪರ್ಧಿಸುತ್ತವೆ. ಬಿಡದೆ ಕೂಗಲು ಬಲ ಬೇಕು. ಬಳಲಿದ ಗಂಡಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಕೂಗಿನ ವೇಗವೇ ತೋಳ್ಬಲದ ಅಳತೆಗೋಲಾಗುತ್ತದೆ. ಸೋಲುವೆನೆಂದು ತಿಳಿದ ಗಂಡು ಅಲ್ಲಿಯೇ ಹಿಂದೆ ಸರಿಯುತ್ತದೆ. ಇಬ್ಬರ ಪ್ರಾಣವೂ ಉಳಿಯುತ್ತದೆ. ಕೆಂಪು ಜಿಂಕೆಯ ಧ್ವನಿಪೆಟ್ಟಿಗೆ ಮನುಷ್ಯರದರಂತೆ ಗಂಟಲಿನಲ್ಲಿ ಕೆಳಗಿದ್ದು, ಕೂಗುವಾಗ ಇನ್ನೂ ಕೆಳಗೆ ಜಾರಿ ದನಿಯನ್ನು ಗಂಭೀರಗೊಳಿಸುತ್ತದೆ ಎಂಬುದನ್ನು 2001ರಲ್ಲಿ ಫಿಚ್ ಮತ್ತು ರೆಬಿ ತೋರಿಸಿಕೊಟ್ಟರು.

ಇಷ್ಟನ್ನು ತಿಳಿದ ಮೇಲೆ ಕೂಗು ಬರಿಯ ಸದ್ದಾಗಿ ಉಳಿಯುವುದಿಲ್ಲ. ಅದು ಮೃಗಗಳ ನಡುವಿನ ಒಪ್ಪಂದದ ಮಾತು. ಅದನ್ನು ಸುಳ್ಳಾಗಿ ಆಡುವವನು ಆ ಒಪ್ಪಂದವನ್ನೇ ಕೆಡಿಸುತ್ತಾನೆ.

ಜವಳಗಿರಿಯ ಕೂಗು

ನಮ್ಮ ಸೀಮೆಗೂ ಈ ವಿದ್ಯೆಗೂ ಇರುವ ನಂಟು ಪುಸ್ತಕದಲ್ಲಿಯೇ ದಾಖಲಾಗಿದೆ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ (1910–1974) ಹೊಸೂರು, ಡೆಂಕಣಿಕೋಟೆ, ಅಂಚೆಟ್ಟಿ ಕಾಡುಗಳನ್ನು ಬಾಲ್ಯದ ಗೆಳೆಯರಂತೆ ಬಲ್ಲವರು. 1954ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕದಲ್ಲಿ ಜವಳಗಿರಿಯ ನರಭಕ್ಷಕ ಹೆಣ್ಣು ಹುಲಿಯ ಪ್ರಸಂಗವಿದೆ. ಸಂಗಾತಿಯನ್ನು ಕರೆಯುತ್ತ ಅಲೆಯುತ್ತಿದ್ದ ಆ ಹುಲಿಗೆ ಆಂಡರ್ಸನ್ ಗಂಡುಹುಲಿಯ ದನಿಯಲ್ಲಿ ಓಗೊಟ್ಟರು. ಅದು ನಂಬಿ ಬಂದಿತು, ಗುಂಡಿಗೆ ಬಲಿಯಾಯಿತು. 1938ರಲ್ಲಿ ಕುಮಾವೂನಿನ ಥಾಕ್ ಎಂಬ ಹಳ್ಳಿಯಲ್ಲಿ ಜಿಮ್ ಕಾರ್ಬೆಟ್ ಮಾಡಿದ್ದೂ ಇದನ್ನೇ. ಆಂಡರ್ಸನ್ನರ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದಿದ್ದರಿಂದ ನಮ್ಮ ಓದುಗರಿಗೆ ಆ ಲೋಕ ಪರಿಚಿತ.

ಮನುಷ್ಯರ ಪ್ರಾಣಕ್ಕೆ ಎರವಾಗಿದ್ದ ಮೃಗವನ್ನು ತಡೆಯಲು ಅಂದು ಬಳಸಿದ ಉಪಾಯವದು. ಆದರೂ ಆ ಪ್ರಸಂಗವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಗೆಲುವಿಗಿಂತ ಮರುಕವೇ ಹೆಚ್ಚು ಹೊತ್ತು ನಿಲ್ಲುತ್ತದೆ. ಪ್ರೀತಿಯ ಕರೆಗೆ ಬಂದ ಜೀವಕ್ಕೆ ಸಾವು ಕಾದಿತ್ತಲ್ಲ ಎಂಬ ಮರುಕವದು.

ನಮ್ಮ ಕಾಡಿನ ದನಿಗಳು

ಸಿಲೋನಿನಲ್ಲಿದ್ದ ಬ್ರಿಟಿಷ್ ಬೇಟೆಗಾರರು ಕಡವೆಯನ್ನೇ ‘ಎಲ್ಕ್’ ಎಂದು ಕರೆಯುತ್ತಿದ್ದರು. ಕುಲ ಬೇರೆಯಾದರೂ ಗಾತ್ರದ ದೃಷ್ಟಿಯಿಂದ ಹೋಲಿಕೆ ತಪ್ಪಲ್ಲ. ಭಾರತದ ಜಿಂಕೆಗಳಲ್ಲೆಲ್ಲ ಕಡವೆಯೇ ದೊಡ್ಡದು. ತಮಿಳಿನಲ್ಲಿ ಇದು ಕಡಮಾನ್. ಚುಕ್ಕೆ ಜಿಂಕೆಯನ್ನು ತಮಿಳರು ಪುಳ್ಳಿಮಾನ್ ಎನ್ನುತ್ತಾರೆ, ತೆಲುಗರು ದುಪ್ಪಿ ಎನ್ನುತ್ತಾರೆ. ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಈ ಹೆಸರುಗಳೆಲ್ಲವೂ ಸ್ವಂತ ಆಸ್ತಿಯೇ.

ಕಡವೆಯ ಎಚ್ಚರಿಕೆಯ ಕೂಗು ಥಟ್ಟನೆ ಮೊಳಗುವ ಗಡಸು ದನಿ. ಜೊತೆಗೆ ಮುಂಗಾಲಿನಿಂದ ನೆಲ ಒದೆಯುವುದೂ ಉಂಟು. ಕಡವೆ ವೃಥಾ ಕೂಗುವುದು ಕಡಿಮೆ; ಬಿಡದೆ ಕೂಗುತ್ತಿದ್ದರೆ ಚಿರತೆಯೋ ಸೀಳುನಾಯಿಗಳೋ ಸಮೀಪದಲ್ಲಿವೆ ಎಂದು ಬಲ್ಲವರು ತರ್ಕಿಸುತ್ತಾರೆ. ಚುಕ್ಕೆ ಜಿಂಕೆಯದು ಕಿರಿದಾದ ಚೂಪು ಕೂಗು. ಒಂದು ಕೂಗಿದರೆ ಹಿಂಡೆಲ್ಲ ಕಿವಿ ನಿಮಿರಿಸುತ್ತದೆ. ಮರದ ಮೇಲಿನ ಮುಸುವಗಳು ಕೆಮ್ಮಿದಂತೆ ದನಿಗೂಡಿಸಿದರೆ ಸುದ್ದಿ ಇನ್ನಷ್ಟು ಖಚಿತ. ಎತ್ತರದಲ್ಲಿ ಕುಳಿತವರಿಗೆ ದೂರದ್ದು ಕಾಣುತ್ತದೆ. ಕಾಡುಕುರಿಯದು ನಾಯಿಯ ಬೊಗಳಿಕೆಯನ್ನು ಹೋಲುವ ದನಿ; ಹೊಸಬರು ಊರ ನಾಯಿಯೆಂದೇ ಭ್ರಮಿಸುತ್ತಾರೆ. ಚಿರತೆಯದು ಮರ ಕೊಯ್ಯುವ ಗರಗಸದ ಸದ್ದು.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಕಡವೆ ಕೂಗಲಿಲ್ಲವೆಂದ ಮಾತ್ರಕ್ಕೆ ಕಾಡು ಬರಿದಾಗಿದೆಯೆಂದು ಅರ್ಥವಲ್ಲ. ಚಳಿಗಾಲದಲ್ಲಿ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ತಳಿ, ಸಾನಮಾವು ಕಾಡುಗಳಿಗೆ ಬರುವ ಆನೆಗಳು ಅಷ್ಟು ದೊಡ್ಡ ಒಡಲನ್ನು ಹೊತ್ತೂ ಸದ್ದಿಲ್ಲದೆ ನಡೆಯಬಲ್ಲವು. ಕೊಂಬೆ ಮುರಿದ ಸದ್ದು ಕೇಳಿದರೆ ಕುತೂಹಲ ಬಿಟ್ಟು ಮನೆಯ ದಾರಿ ಹಿಡಿಯುವುದೇ ಜಾಣತನ.

ಜೇಬಿನೊಳಗಿನ ಗೋರಿ

ಈಗ ಮೊಮ್ಮಗನ ಮೊಬೈಲಿಗೆ ಬರೋಣ. ತಮಾಷೆಗೆಂದು ಕಾಡಂಚಿನಲ್ಲಿ ಜಿಂಕೆಮರಿಯ ಆರ್ತನಾದವನ್ನು ಮೊಳಗಿಸಿದರೆ ಏನಾದೀತು? ತಾಯಿಜಿಂಕೆ ಮೇವು ಬಿಟ್ಟು, ಮರೆ ಬಿಟ್ಟು ಬಯಲಿಗೆ ಬಂದೀತು. ಸುಲಭದ ಆಹಾರವೆಂದು ಚಿರತೆಯೂ ಬಂದೀತು. ಕರೆದವನಿಗೆ ಯಾರು ಬರುವರೆಂಬುದು ತಿಳಿಯದು. ಬೆದೆಯ ಕಾಲದಲ್ಲಿ ಸುಳ್ಳು ಕೂಗು ಕೇಳಿದ ಗಂಡುಗಳು ಇಲ್ಲದ ವೈರಿಯನ್ನು ಹುಡುಕಿ ಬಲವನ್ನು ವ್ಯಯಿಸುತ್ತವೆ. ಹಕ್ಕಿಗಳ ವಿಷಯದಲ್ಲಿಯೂ ಇದೇ ಮಾತು. ಫೋಟೋ ತೆಗೆಯಲೆಂದು ಕೂಗು ಹಾಕಿ ಗೂಡಿನಿಂದ ಕರೆದ ಹಕ್ಕಿಯ ಮೊಟ್ಟೆಗಳು ಅಷ್ಟು ಹೊತ್ತು ಕಾವಿಲ್ಲದೆ ಉಳಿಯುತ್ತವೆ.

ಕಾನೂನಿನ ದೃಷ್ಟಿಯಿಂದಲೂ ಇದು ಆಟವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಒಡ್ಡುವುದು, ಬಲೆ ಬೀಸುವುದು, ಅಟ್ಟುವುದು, ಆಮಿಷವೊಡ್ಡುವುದು, ಇವುಗಳಿಗೆ ಯತ್ನಿಸುವುದು ಎಲ್ಲವೂ ಬೇಟೆಯೇ. ಡೆಂಕಣಿಕೋಟೆ, ಅಂಚೆಟ್ಟಿ ಭಾಗದ ಕಾಡುಗಳನ್ನೊಳಗೊಂಡ ಸುಮಾರು 504 ಚದರ ಕಿಲೋಮೀಟರ್ ಪ್ರದೇಶವನ್ನು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಧಾಮವೆಂದು ತಮಿಳುನಾಡು ಸರ್ಕಾರ ಘೋಷಿಸಿತು. 2022ರಲ್ಲಿ ಸುಮಾರು 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ಧಾಮವೂ ಸೇರಿಕೊಂಡಿತು. ನಮ್ಮ ಬೆಟ್ಟಗಳು ಈಗ ಕರ್ನಾಟಕದ ಬನ್ನೇರುಘಟ್ಟ, ಕಾವೇರಿ, ಮಲೆಮಹದೇಶ್ವರ ಬೆಟ್ಟದ ಕಾಡುಗಳೊಡನೆ ಒಂದೇ ಹಾಸಾಗಿವೆ. ಭಾಷೆಯ ಗಡಿ, ರಾಜ್ಯದ ಗಡಿ ಕಡವೆಗೆ ತಿಳಿಯದು.

ಮನೆಯಲ್ಲಿ, ಶಾಲೆಯಲ್ಲಿ

ಹಾಗಾದರೆ ಈ ವಿದ್ಯೆಯನ್ನು ಮಕ್ಕಳಿಂದ ಬಚ್ಚಿಡಬೇಕೆ? ಬೇಕಿಲ್ಲ. ಅದರ ಅರ್ಧಭಾಗ ಕೂಗುವುದು, ಇನ್ನರ್ಧ ಕೇಳುವುದು. ಮೊದಲ ಅರ್ಧವನ್ನು ಕತೆಯಾಗಿ ಉಳಿಸಿಕೊಂಡು, ಎರಡನೆಯ ಅರ್ಧವನ್ನು ಬದುಕಾಗಿ ಕಲಿಸಬಹುದು. ಸಂಜೆ ಹತ್ತು ನಿಮಿಷ ಹೊರಗೆ ಸುಮ್ಮನೆ ಕುಳಿತು ಕೇಳಿದ ದನಿಗಳನ್ನು ಮಗು ಕನ್ನಡದಲ್ಲಿ ಬರೆದಿಡಲಿ: ಯಾವ ದಿಕ್ಕು, ಎಷ್ಟು ಹೊತ್ತು, ಯಾರ ದನಿ ಎಂದು. ಹೆಸರು ತಿಳಿಯದಿದ್ದರೆ ಅಜ್ಜನನ್ನೋ ಅಜ್ಜಿಯನ್ನೋ ಕೇಳಲಿ. ಮುಸುವ, ಕಾಡುಕುರಿ, ಕಡವೆ ಎಂಬ ಪದಗಳು ಪಠ್ಯಪುಸ್ತಕದಿಂದ ಮಾತ್ರ ಉಳಿಯಲಾರವು. ಆ ದನಿ ಕೇಳಿದಾಗ ಆ ಹೆಸರನ್ನು ಹೇಳುವ ಬಾಯಿಯೊಂದು ಮನೆಯಲ್ಲಿರಬೇಕು. ಕಾಡಿನಲ್ಲಿ ಉದುರಿದ ಕೊಂಬು ಸಿಕ್ಕರೆ ಅದನ್ನು ಮನೆಗೆ ತರಬಾರದು, ಉರುಳು ಕಂಡರೆ ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು ಎಂಬುದನ್ನೂ ಅದೇ ಹೊತ್ತಿನಲ್ಲಿ ಹೇಳಿಕೊಡಬಹುದು.

ತಮಿಳು ನಾಡಿನಲ್ಲಿದ್ದು ಕನ್ನಡದಲ್ಲಿ ಓದುವ ನಮ್ಮ ಮಕ್ಕಳಿಗೆ, ತಮ್ಮ ದನಿ ಸಣ್ಣದು ಎಂಬ ಅಳುಕು ಒಮ್ಮೊಮ್ಮೆ ಕಾಡುವುದುಂಟು. ಕತ್ತಲ ಬೆಟ್ಟದಲ್ಲಿ ಒಂಟಿಯಾಗಿ ನಿಂತು ಒಂದೇ ಸಲ ಕೂಗುವ ಕಡವೆಯ ದನಿ ಇಡೀ ಕಣಿವೆಯನ್ನು ಎಚ್ಚರಿಸುತ್ತದೆ. ಮುಂದಿನ ಬಾರಿ ಆ ‘ಢಾಂಕ್’ ಕೇಳಿಸಿದಾಗ ಮೊಬೈಲನ್ನು ಕೆಳಗಿಟ್ಟು, ಮೊಮ್ಮಗನ ಭುಜದ ಮೇಲೆ ಕೈಯಿಟ್ಟು, ‘ಕೇಳು ಮಗಾ, ಕಡವೆ’ ಎಂದು ಹೇಳಿದರೆ ಸಾಕು. ಗೋರಿಯ ವಿದ್ಯೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಅಲ್ಲಿಂದಲೇ ಮೊದಲಾಗುತ್ತದೆ.