ಕುಸ್ತಿ, ಕರಾಟೆ ಮತ್ತು ನಮ್ಮ ಮಕ್ಕಳು

ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ತೇರು ಎಳೆದ ಮಾತ್ರಕ್ಕೆ ಜಾತ್ರೆ ಮುಗಿಯಿತೆಂದು ಹಿರಿಯರು ಒಪ್ಪುತ್ತಿರಲಿಲ್ಲ. ಕುಸ್ತಿಯ ಕಣ ತುಂಬಬೇಕು, ಹಲಗೆ ಬಡಿಯಬೇಕು, ಪೈಲ್ವಾನರು ತೊಡೆ ತಟ್ಟಬೇಕು. ಇಂದು ಕುಪ್ಪೇಲೂರಿನಂತಹ ಊರುಗಳ ತಾಯಿತಂದೆಗಳ ಮುಂದೆ ಗರಡಿಯೊಂದೇ ಇಲ್ಲ. ಕರಾಟೆ, ಜೂಡೋ, ಟೇಕ್ವಾಂಡೋ, ಬಾಕ್ಸಿಂಗ್ ಮುಂತಾದ ಹೆಸರುಗಳ ಫಲಕಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ಕಾಣುತ್ತಿವೆ. ಮಗನನ್ನು ಹಚ್ಚೋಣವೇ, ಮಗಳನ್ನು ಕಳಿಸೋಣವೇ, ಕೈಕಾಲು ಮುರಿದುಕೊಂಡರೆ ಗತಿಯೇನು ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿದೆ. ಆ ಪ್ರಶ್ನೆ ನ್ಯಾಯವಾದದ್ದೆಂದೇ ನಾವು ಭಾವಿಸುತ್ತೇವೆ.

ಇಷ್ಟಲಿಂಗವನ್ನು ಧರಿಸಿದ ಅಂಗವನ್ನು ಶರಣ ಪರಂಪರೆ ಎಂದೂ ಹೀನವೆಂದು ಎಣಿಸಲಿಲ್ಲ. ವಚನಗಳ ರಕ್ಷಣೆಗಾಗಿ ಖಡ್ಗ ಹಿಡಿದ ವೀರನೆಂದು ಮಡಿವಾಳ ಮಾಚಿದೇವರನ್ನು ನಮ್ಮ ಜನ ಇಂದಿಗೂ ಸ್ಮರಿಸುತ್ತಾರೆ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಸೈನ್ಯ ತೋರಿದ ಕೆಚ್ಚನ್ನು ಹೇಳಿಕೊಡಬೇಕಾದ ಅಗತ್ಯವಿಲ್ಲ. ಆದುದರಿಂದ ಮೈಯನ್ನು ಗಟ್ಟಿಗೊಳಿಸುವ ವಿದ್ಯೆ ನಮಗೆ ಹೊರಗಿನದಲ್ಲ. ಹಾಗೆಂದು ಅದೇ ಅಂಗವನ್ನು ಅಜಾಗ್ರತೆಯಿಂದ ಮುರಿಸಿಕೊಳ್ಳುವುದು ಶೌರ್ಯವೂ ಅಲ್ಲ.

ಗರಡಿಯ ಉಪಕಾರ ದೊಡ್ಡದು. ದಂಡ, ಬೈಠಕ್, ಗದೆ ತಿರುಗಿಸುವ ಸಾಮು ಇವುಗಳಿಂದ ಎದೆ, ಬೆನ್ನು, ತೊಡೆಗಳು ಬಲಿಯುತ್ತವೆ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆಯ ರಸ ಬೆರೆಸಿ ಹದಮಾಡಿದ ಕಣ ಬಿದ್ದವನ ಪೆಟ್ಟನ್ನು ಕುಗ್ಗಿಸುತ್ತದೆ. ನಸುಕಿನಲ್ಲಿ ಏಳುವ, ದುಶ್ಚಟಗಳಿಂದ ದೂರವಿರುವ ಶಿಸ್ತೂ ಅಲ್ಲಿ ತಾನಾಗಿ ಬರುತ್ತದೆ. ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದರು. ಮಣ್ಣಿನ ಕುಸ್ತಿ ಹಳ್ಳಿಯ ಮೋಜು ಮಾತ್ರವೆಂಬವರಿಗೆ ಇದೇ ಉತ್ತರ.

ಇನ್ನು ಅಪಾಯಗಳ ಮಾತು. ಮೊಣಕಾಲಿನ ಕೀಲು ತಿರುಚುವುದು, ಭುಜ ಜಾರುವುದು, ಬೆರಳು ಮುರಿಯುವುದು ಕುಸ್ತಿಯಲ್ಲಿ ಸಾಮಾನ್ಯ. ಹಳೆಯ ಪೈಲ್ವಾನರ ಕಿವಿ ಮುದುಡಿ ಹೂಕೋಸಿನಂತಾಗಿರುವುದನ್ನು ಓದುಗರು ಕಂಡಿರಬಹುದು. ಉಜ್ಜಾಟದಿಂದ ಕಿವಿಯ ಮೃದ್ವಸ್ಥಿಗೂ ಅದರ ಹೊದಿಕೆಗೂ ನಡುವೆ ರಕ್ತ ಶೇಖರವಾಗಿ ಗಟ್ಟಿಯಾಗುವುದೇ ಅದರ ಕಾರಣ. ಕೆಲವೇ ದಿನಗಳೊಳಗೆ ವೈದ್ಯರಿಂದ ಆ ರಕ್ತವನ್ನು ತೆಗೆಸಿದರೆ ಕಿವಿ ಉಳಿಯುತ್ತದೆ. ಮೈಗೆ ಮೈ ತಾಗುವುದರಿಂದ ಹುಳುಕಡ್ಡಿಯಂತಹ ಚರ್ಮರೋಗಗಳೂ ಹರಡುತ್ತವೆ. ಕಣದಿಂದ ಬಂದೊಡನೆ ಸ್ನಾನ, ತನ್ನದೇ ಲಂಗೋಟ, ತನ್ನದೇ ವಸ್ತ್ರ ಎಂಬ ನಿಯಮವಿಟ್ಟರೆ ಸಾಕು. ಇವೆಲ್ಲ ತಾಳಿಕೊಳ್ಳಬಹುದಾದ ಕಷ್ಟಗಳು.

ತಾಳಲಾಗದ್ದು ತಲೆ ಮತ್ತು ಕುತ್ತಿಗೆಯ ಪೆಟ್ಟು. 2022ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಿಕ್ ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ 23 ವರ್ಷದ ತರುಣ ಎರಡು ದಿನಗಳಲ್ಲಿ ಕೊನೆಯುಸಿರೆಳೆದ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂಬುದು ಕುಟುಂಬದವರ ದೂರಾಗಿತ್ತು. ಜಪಾನಿನ ಅನುಭವ ಇನ್ನೂ ದಾರುಣ. ಜೂಡೋ ಹುಟ್ಟಿದ ಆ ನಾಡಿನ ಶಾಲೆಗಳಲ್ಲಿಯೇ 1983ರಿಂದ ಮೂರು ದಶಕಗಳ ಅವಧಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಜೂಡೋ ಅಭ್ಯಾಸದಲ್ಲಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹಳಷ್ಟು ಮಂದಿ ಹೊಸದಾಗಿ ಸೇರಿದವರು. ಸರಿಯಾಗಿ ಬೀಳುವುದನ್ನು ಕಲಿಯುವ ಮೊದಲೇ ಬಲಿಷ್ಠರು ಅವರನ್ನು ಎತ್ತಿ ಒಗೆದಿದ್ದರು. ಕ್ರೀಡೆಗಿಂತ ಕಲಿಸುವ ಕ್ರಮದಲ್ಲಿಯೇ ದೋಷವಿತ್ತೆಂದು ನಮಗೆ ತೋರುತ್ತದೆ.

ಆದ್ದರಿಂದ ಉಸ್ತಾದರನ್ನು ಮೊದಲು ಕೇಳಬೇಕಾದದ್ದು, ಎಷ್ಟು ಕಪ್ಪು ಗೆದ್ದಿರಿ ಎಂದಲ್ಲ, ಮೊದಲ ತಿಂಗಳು ಏನು ಕಲಿಸುತ್ತೀರಿ ಎಂದು. ಬೀಳುವ ರೀತಿ, ಕುತ್ತಿಗೆಯನ್ನು ಗಟ್ಟಿಗೊಳಿಸುವ ಸಾಮು ಎಂಬ ಉತ್ತರ ಬಂದರೆ ನಿಶ್ಚಿಂತೆಯಿಂದ ಸೇರಿಸಿರಿ. ಎರಡನೆಯದಾಗಿ, ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಅದೇ ದಿನ ಮತ್ತೆ ಕಣಕ್ಕಿಳಿಸುವ ಗುರು ಎಷ್ಟೇ ಪ್ರಸಿದ್ಧರಾಗಿರಲಿ, ಅಲ್ಲಿಂದ ಮಗುವನ್ನು ಬಿಡಿಸಿ ತರುವುದೇ ಸರಿ. ವಾಂತಿ, ಮಂಪರು, ಹೆಚ್ಚುವ ತಲೆನೋವು, ತೊದಲು ಮಾತು ಕಂಡರೆ ತಡಮಾಡಬಾರದು. ಕುತ್ತಿಗೆ ಉಳುಕಿತೆಂದು ಎಳೆದು ನೆಟಿಗೆ ತೆಗೆಯುವ ನಮ್ಮ ಕಡೆಯ ರೂಢಿಯಂತೂ ಸಂಪೂರ್ಣ ನಿಲ್ಲಬೇಕು. ಬಿದ್ದವನನ್ನು ಅಲುಗಿಸದೆ ಮಲಗಿಸಿ 108ಕ್ಕೆ ಕರೆಮಾಡುವುದೇ ಆ ಹೊತ್ತಿನ ಉಪಚಾರ. ತಲೆಯ ಶಸ್ತ್ರಚಿಕಿತ್ಸೆಯೆಂದರೆ ನಮ್ಮ ಹಳ್ಳಿಗಳವರು ದಾವಣಗೆರೆಯನ್ನೋ ಹುಬ್ಬಳ್ಳಿಯನ್ನೋ ಮುಟ್ಟಬೇಕಾಗುತ್ತದೆ. ಜಾತ್ರೆಯ ಕುಸ್ತಿ ನಡೆಸುವ ಹಿರಿಯರು ಬಹುಮಾನದ ಬೆಳ್ಳಿಗದೆಗೆ ಕೂಡಿಸುವ ಹಣದಲ್ಲಿ ಒಂದು ವಾಹನವನ್ನೂ ಒಬ್ಬ ವೈದ್ಯರನ್ನೂ ಕಣದ ಬದಿಗೆ ನಿಲ್ಲಿಸಲು ಎತ್ತಿಡುವುದು ಅಸಾಧ್ಯವೇನಲ್ಲ.

ಕೊರಳಲ್ಲಿ ಶಿವದಾರವಿರುವ ಹುಡುಗನ ವಿಷಯವನ್ನೂ ಹೇಳಲೇಬೇಕು. ಎದುರಾಳಿಯ ಹಿಡಿತದಲ್ಲಿ ದಾರ ಬಿಗಿಯಬಹುದು, ಕರಡಿಗೆ ಎದೆಗೆ ಒತ್ತಬಹುದು. ಕಣಕ್ಕಿಳಿಯುವ ಹೊತ್ತಿನಲ್ಲಿ ಗಡಿಬಿಡಿಯಿಂದ ತೆಗೆದು ಯಾರ ಕೈಗೋ ಕೊಡುವುದಕ್ಕಿಂತ, ಮಠದ ಗುರುಗಳನ್ನು ಮೊದಲೇ ಕೇಳಿ ನಿಶ್ಚಯಿಸಿಕೊಳ್ಳುವುದು ಯೋಗ್ಯ.

ತೂಕ ಇಳಿಸುವ ಹುಚ್ಚು ಮತ್ತೊಂದು ಕೇಡು. ಕಡಿಮೆ ತೂಕದ ವರ್ಗದಲ್ಲಿ ಆಡಬೇಕೆಂದು ನೀರು ಬಿಟ್ಟು, ಬೆವರಿಳಿಸಿ ಮೈ ಒಣಗಿಸಿಕೊಂಡ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು 1997ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಬೆಳೆಯುವ ಮಕ್ಕಳಿಗೆ ಇದನ್ನು ಹೇಳುವ ಗುರು ಗುರುವೇ ಅಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ತಾಯಂದಿರ ಪ್ರಶ್ನೆ ಬೇರೆ: ಇದು ನಿಜವಾಗಿ ಕಾಪಾಡುತ್ತದೆಯೇ? ಪದಕದ ಕರಾಟೆಯಲ್ಲಿ ನಿಯಮವುಂಟು, ತೀರ್ಪುಗಾರರುಂಟು. ಬೀದಿಯಲ್ಲಿ ಎರಡೂ ಇಲ್ಲ. ಹಲಗೆ ಒಡೆಯುವ ಪ್ರದರ್ಶನ ಕಂಡು ಮೈಮರೆಯಬಾರದು. ಆದರೆ ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಆಶಾದಾಯಕವಾಗಿದೆ. ಕೇವಲ 12 ಗಂಟೆಗಳ ತರಬೇತಿ ಪಡೆದ ವಿದ್ಯಾರ್ಥಿನಿಯರಲ್ಲಿ ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಈಡಾದವರು ನೂರಕ್ಕೆ 5.2, ತರಬೇತಿ ಇಲ್ಲದವರಲ್ಲಿ 9.8. ಅಲ್ಲಿ ಕಲಿಸಿದ್ದು ಗುದ್ದು, ಒದೆತ ಮಾತ್ರವಲ್ಲ. ಕೆಡುಕಿನ ಸುಳಿವನ್ನು ಬೇಗ ಗುರುತಿಸುವುದು, ಪರಿಚಿತನೇ ಆದರೂ ಸಂಕೋಚವಿಲ್ಲದೆ ಬೇಡವೆನ್ನುವುದು, ದನಿಯೆತ್ತುವುದು, ಅನಂತರ ಕೈ ಎತ್ತುವುದು. ನಮ್ಮ ಸರ್ಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಬಾಲಕಿಯರಿಗೆ ಮೂರು ತಿಂಗಳ ಆತ್ಮರಕ್ಷಣಾ ತರಬೇತಿ ಕೊಡುವ ಯೋಜನೆಯುಂಟು. ಮಗಳು ಅಲ್ಲಿಂದ ಬಂದ ಸಂಜೆ ಒದೆತವನ್ನು ತೋರಿಸೆಂದು ಕೇಳುವುದರ ಜೊತೆಗೆ, ಬೇಡವೆಂದು ಗಟ್ಟಿಯಾಗಿ ಕೂಗಲು ಕಲಿಸಿದರೇ ಎಂದೂ ತಾಯಂದಿರು ಕೇಳಲಿ. ಆ ಕೂಗನ್ನು ನಡುಮನೆಯಲ್ಲಿಯೇ ಒಮ್ಮೆ ಕೂಗಿಸಿ ನೋಡಲಿ. ನೆರೆಯವರು ಏನೆಂದಾರೋ ಎಂದು ಬಾಯಿ ಮುಚ್ಚಿಸದಿರಲಿ.