ನಂಜಿಗೊಂದು ನಿಯಮ

ಮಾಗಡಿಯ ಸುತ್ತಣ ಹೊಲಗಳಲ್ಲಿ ರಾಗಿಯ ಕೊಯ್ಲು ನಡೆದಿದೆ. ಒಬ್ಬ ರೈತನ ಕಾಲಿಗೆ ಕುಡುಗೋಲು ತಗಲಿತೆಂದು ಭಾವಿಸೋಣ. ಆತನು ಗಾಯಕ್ಕೆ ಬಟ್ಟೆ ಸುತ್ತಿ ಕೆಲಸ ಮುಂದುವರಿಸುತ್ತಾನೆ. ನಾಲ್ಕನೆಯ ದಿನ ಕಾಲು ಬಾತುಕೊಂಡು ಚಳಿಜ್ವರ ಬರುತ್ತದೆ. ಉಸಿರು ವೇಗವಾಗುತ್ತದೆ, ಮಾತು ತಡವರಿಸುತ್ತದೆ. “ನಂಜೇರಿದೆ” ಎಂದು ಹಿರಿಯರು ಹೇಳುತ್ತಾರೆ. ಈ ಸ್ಥಿತಿಯನ್ನು ವೈದ್ಯರು ಸೆಪ್ಸಿಸ್ ಎನ್ನುವರು.

ದೇಹವನ್ನು ಹೊಕ್ಕ ರೋಗಾಣುಗಳೊಡನೆ ದೇಹವು ಹೋರಾಡುವುದು ಸಹಜ. ಆ ಹೋರಾಟವು ಹತೋಟಿ ಮೀರಿ ತನ್ನ ಅಂಗಗಳನ್ನೇ ಘಾಸಿಗೊಳಿಸತೊಡಗಿದರೆ ಅದೇ ಸೆಪ್ಸಿಸ್. ಆಗ ರಕ್ತದೊತ್ತಡ ಕುಸಿದು ಮೂತ್ರಪಿಂಡ, ಶ್ವಾಸಕೋಶ, ಮಿದುಳುಗಳು ದುರ್ಬಲವಾಗಬಹುದು. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಸಾವುಗಳಿಗೆ ಸೆಪ್ಸಿಸ್ ಸಂಬಂಧಿಸಿತ್ತೆಂದು ಅಂದಾಜು ಮಾಡಲಾಗಿದೆ.

ರೋಗಿಯನ್ನು ಸುಮಾರು 50 ಕಿಲೋಮೀಟರು ದೂರದ ಬೆಂಗಳೂರಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕಕ್ಕೆ ಕರೆತಂದರೆನ್ನೋಣ. ನಡುರಾತ್ರಿಯ ಸಮಯ, ವೈದ್ಯರೂ ದಾದಿಯರೂ ದಣಿದಿದ್ದಾರೆ. ಇಂತಹ ಹೊತ್ತಿನಲ್ಲಿ ಒಂದು ಮುಖ್ಯ ಕೆಲಸ ಮರೆತುಹೋದರೂ ಪ್ರಾಣಕ್ಕೆ ಅಪಾಯ. ಆದುದರಿಂದ ಮಾಡತಕ್ಕ ಕೆಲಸಗಳನ್ನು ಮೊದಲೇ ಕ್ರಮವಾಗಿ ಬರೆದಿಡುವ ಪದ್ಧತಿ ರೂಢಿಗೆ ಬಂದಿತು. ಹಲವು ದೇಶಗಳ ತಜ್ಞರು ಕಲೆತು 2004ರಲ್ಲಿ ಇದಕ್ಕೆ ಮಾರ್ಗಸೂಚಿಯನ್ನು ಪ್ರಕಟಿಸಿದರು.

ಈ ಕ್ರಮದ ಪ್ರಕಾರ ಮೊದಲು ರಕ್ತದ ಮಾದರಿಯನ್ನು ತೆಗೆಯುವರು. ಬಳಿಕ ಪ್ರತಿಜೈವಿಕ ಔಷಧವನ್ನು ಕೊಡುವರು. ಔಷಧವು ರಕ್ತದಲ್ಲಿ ಸೇರಿದ ಮೇಲೆ ಮಾದರಿಯನ್ನು ತೆಗೆದರೆ ರೋಗಾಣುವಿನ ಗುರುತು ಸಿಕ್ಕದೆ ಹೋಗಬಹುದು. ಆದರೆ ಮಾದರಿಗಾಗಿ ಔಷಧವನ್ನು ಬಹಳ ತಡಮಾಡಲಾಗದು. ರಕ್ತದೊತ್ತಡ ಕುಸಿದಿದ್ದರೆ ಒಂದು ಗಂಟೆಯೊಳಗೆ ಕೊಡಬೇಕು. ಅಂತಹ ರೋಗಿಗೆ, ತೂಕದ ಪ್ರತಿ ಕಿಲೋಗ್ರಾಮಿಗೆ 30 ಮಿಲಿಲೀಟರಿನಂತೆ, ಮೊದಲ ಮೂರು ಗಂಟೆಗಳಲ್ಲಿ ರಕ್ತನಾಳದ ಮೂಲಕ ದ್ರವವನ್ನು ಹರಿಸುವರು. 50 ಕಿಲೋಗ್ರಾಂ ತೂಕದವನಿಗೆ ಇದು ಒಂದೂವರೆ ಲೀಟರು. ಅದರಿಂದಲೂ ಒತ್ತಡ ಏರದಿದ್ದರೆ ರಕ್ತನಾಳಗಳನ್ನು ಬಿಗಿಗೊಳಿಸುವ ಔಷಧವುಂಟು. ಗಾಯದಲ್ಲಿ ಕೀವು ನಿಂತಿದ್ದರೆ ಅದನ್ನು ಹೊರತೆಗೆಯುವುದೂ ಅಷ್ಟೇ ಅಗತ್ಯ.

ಇಂತಹ ನಿಯಮವು ಕಲ್ಲಿನಲ್ಲಿ ಕೊರೆದ ಶಾಸನವಲ್ಲ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ಬಹು ಜಟಿಲವಾದ ಕ್ರಮವೊಂದನ್ನು ಎತ್ತಿಹಿಡಿದಿತ್ತು. 2014 ಮತ್ತು 2015ರಲ್ಲಿ ಪ್ರಕಟವಾದ ಮೂರು ದೊಡ್ಡ ಪರೀಕ್ಷೆಗಳು, ರೋಗವನ್ನು ಬೇಗ ಗುರುತಿಸಿ ಬೇಗ ಔಷಧ ಕೊಟ್ಟಲ್ಲಿ ಆ ಜಟಿಲ ಕ್ರಮದಿಂದ ಹೆಚ್ಚಿನ ಲಾಭವಿಲ್ಲವೆಂದು ತೋರಿಸಿದವು. ಅಂದಿನಿಂದ ನಿಯಮ ಸರಳವಾಯಿತು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಎಷ್ಟು ದ್ರವ ಕೊಡಬೇಕೆಂಬುದನ್ನು ವೈದ್ಯರು ವಿವೇಚಿಸಿ ನಿರ್ಧರಿಸಬೇಕು. ನಿಯಮವು ಮರೆವನ್ನು ತಡೆಯುತ್ತದೆ. ವಿವೇಕದ ಸ್ಥಾನವನ್ನು ಅದು ತುಂಬಲಾರದು.

ಆಸ್ಪತ್ರೆಯ ನಿಯಮವು ರೋಗಿ ಅಲ್ಲಿಗೆ ತಲುಪಿದ ಮೇಲಷ್ಟೇ ಕೆಲಸಮಾಡಬಲ್ಲದು. ಅದಕ್ಕೂ ಮುಂಚಿನ ಗಂಟೆಗಳು ಮನೆಯವರ ಕೈಯಲ್ಲಿವೆ. ಗಾಯವನ್ನು ಸಾಬೂನು ಮತ್ತು ಶುದ್ಧ ನೀರಿನಿಂದ ತೊಳೆಯಬೇಕು. ಜ್ವರದೊಡನೆ ಉಸಿರಾಟ ಹೆಚ್ಚಿದರೆ, ಮೂತ್ರ ಕಡಿಮೆಯಾದರೆ, ಮನಸ್ಸು ಮಂಕಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.