ಹೊಸ ಓಣಿಯಲ್ಲಿ ಮಗು ಆಡದೆ ನೋಡುತ್ತ ನಿಂತರೆ ದೃಷ್ಟಿಯಾಗಿದೆಯೇ?

ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಎಷ್ಟೋ ಕುಟುಂಬಗಳು ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋಗುತ್ತವೆ. ಜೊತೆಗೆ ಹೋದ ಮಗು ಹೊಸ ಜಾಗದಲ್ಲಿ ಉಳಿದ ಮಕ್ಕಳ ಆಟವನ್ನು ಗೋಡೆಗೊರಗಿ ನೋಡುತ್ತದೆ, ಕರೆದರೂ ಹೋಗುವುದಿಲ್ಲ. ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸುವವರು ಕೆಲವರು. ಮೊಂಡು ಎಂದು ಬೈಯುವವರು ಕೆಲವರು.

ಎರಡೂ ಅಲ್ಲ. ಅಮೆರಿಕದ ಮಿಲ್ಡ್ರೆಡ್ ಪಾರ್ಟೆನ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಂತು ನೋಡುವುದನ್ನೂ ಮಕ್ಕಳು ಒಡನಾಡುವ ಬಗೆಗಳಲ್ಲಿ ಒಂದೆಂದು ಎಣಿಸಿದ್ದರು. ಇಲ್ಲಿ ಲಗೋರಿ ಹೇಗೆ ಆಡುತ್ತಾರೆ, ಯಾರು ಹೊಡೆಯುತ್ತಾರೆ, ತನ್ನ ಊರ ಮಾತಿಗೆ ಯಾರು ನಗುತ್ತಾರೆ ಎಂಬುದನ್ನೆಲ್ಲ ಮಗು ಆಗ ಕಲಿಯುತ್ತಿರುತ್ತದೆ. ನ್ಯೂಯಾರ್ಕಿನಲ್ಲಿ 1956ರಿಂದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಥಾಮಸ್ ಮತ್ತು ಚೆಸ್, ಸುಮಾರು ಶೇ. 15ರಷ್ಟು ಮಕ್ಕಳ ಸ್ವಭಾವವೇ ನಿಧಾನವಾಗಿ ಹೊಂದಿಕೊಳ್ಳುವುದು ಎಂದು ಕಂಡರು.

ಹಾಗಾಗಿ ಗುಂಪಿನೊಳಗೆ ದೂಡಬೇಡಿ ಎನ್ನುತ್ತೇವೆ. ಕೈಗೆ ಮೊಬೈಲ್ ಕೊಟ್ಟು ಕೂರಿಸುವುದೂ ಬೇಡ. ಓಣಿ ನೋಡಬೇಕಾದ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪಕ್ಕದ ಮನೆಯ ಒಂದೇ ಮಗುವನ್ನು ದಿನಾ ಅದೇ ಹೊತ್ತಿಗೆ ಕರೆಯಿರಿ. ಮುಂದೆ ಒಂದು ತಟ್ಟೆ ಮಂಡಕ್ಕಿ ಇಟ್ಟರೆ ಅರ್ಧ ಕೆಲಸ ಆದಂತೆಯೇ!

ಗೆಳೆತನ ಬೆಳೆಯಲು ಶಾಲೆಯೂ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಕಳಿಸುವಂತಿಲ್ಲ.

ಮನೆಯಲ್ಲಿ ಚಟಪಟ ಮಾತಾಡುವ ಮಗು, ಶಾಲೆ ಸೇರಿ ಒಂದೆರಡು ತಿಂಗಳು ಕಳೆದರೂ ಅಲ್ಲಿ ಬಾಯಿಯನ್ನೇ ಬಿಡದಿದ್ದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿ.